ಸುರಪುರದ ಗುಡ್ಡದ ಮೇಲಿನ ಮನೆ



ನಮ್ಮ ನಾಡಿನ ಪ್ರಾಚೀನ ಕಟ್ಟಡಗಳೆಂದೊಡನೆ ಮನಸ್ಸು ಬಾದಾಮಿ, ಹಂಪೆ, ಬೇಲೂರುಗಳ ಕಡೆಗೆ ಹೋಗುವುದು ಸಹಜ. ಗುಡಿಯನ್ನೂ ಕೋಟೆಯನ್ನೂ ಗೋರಿಯನ್ನೂ ನಾವು ಚರಿತ್ರೆಯ ಸಾಕ್ಷಿಗಳೆಂದು ಸುಲಭವಾಗಿ ಒಪ್ಪುತ್ತೇವೆ. ಆದರೆ ಮನುಷ್ಯನು ಉಂಡು, ಮಲಗಿ, ಕಾಗದಪತ್ರಗಳನ್ನು ಬರೆದು, ಬಂದವರೊಡನೆ ಮಾತನಾಡಿ ಕಾಲ ಕಳೆದ ಮನೆಗೆ ಆ ಮನ್ನಣೆಯನ್ನು ಕೊಡುವುದು ಅಪರೂಪ. ಈ ದಿನ ನಾವು ಅಂಥ ಒಂದು ಮನೆಯ ವಿಷಯವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಅದು ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಗುಡ್ಡದ ಮೇಲೆ ಇರುವ ಬಂಗಲೆ. ಜನರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲೇಯ. ಅದು ಅರಮನೆಯಲ್ಲ, ಕೋಟೆಯಲ್ಲ. ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ದೊಡ್ಡ ಸ್ಥಾನವೂ ಇಲ್ಲ. ಆದರೂ ಒಂದು ಸಂಸ್ಥಾನದ ಕೊನೆಯ ದಿನಗಳ ಕಥೆಗೆ ಅಷ್ಟು ಹತ್ತಿರದಲ್ಲಿದ್ದ ಮನೆ ಆ ಸೀಮೆಯಲ್ಲಿ ಬೇರೊಂದಿಲ್ಲ.

ಆಂಗ್ಲೇಯನು ಕಟ್ಟಿದ ಮನೆಯನ್ನು ತಿಳಿಯಬೇಕಾದರೆ ಆತನ ನಾಡಿನ ಮನೆಗಳನ್ನು ಮೊದಲು ನೋಡಬೇಕು. ಇಂಗ್ಲೆಂಡಿನಲ್ಲಿ ಸಿರಿವಂತರಾದ ಜಮೀನುದಾರರು ತಮ್ಮ ಭೂಮಿಯ ನಡುವೆ, ಪಟ್ಟಣದಿಂದ ದೂರವಾಗಿ, ದೊಡ್ಡ ಸೌಧಗಳನ್ನು ಕಟ್ಟಿಸಿಕೊಳ್ಳುತ್ತಿದ್ದರು. ಡರ್ಬಿಷೈರ್ ಪ್ರಾಂತದ ಹಾರ್ಡ್‌ವಿಕ್ ಹಾಲ್ ಎಂಬುದು 1590ರಿಂದ 1597ರ ವರೆಗೆ ಕಟ್ಟಲ್ಪಟ್ಟಿತು. ಗೋಡೆಗಿಂತ ಗಾಜೇ ಹೆಚ್ಚೆಂದು ಅದರ ಕಿಟಕಿಗಳನ್ನು ಕುರಿತು ಜನರು ಆಡಿಕೊಳ್ಳುವುದುಂಟು. ಮಾರ್ಲ್‌ಬರೋ ಪ್ರಭುವಿನ ಯುದ್ಧವಿಜಯಕ್ಕೆ ಕೊಡುಗೆಯಾಗಿ 1705ರಲ್ಲಿ ಬ್ಲೆನಿಮ್ ಸೌಧವು ಆರಂಭವಾಯಿತು. ಇಂಥ ಮನೆಗಳಿಗೆ ಒಂದು ಸಾಮಾನ್ಯ ಲಕ್ಷಣವುಂಟು. ಅವು ಹೊರಮುಖವಾದ ಮನೆಗಳು. ಕಿಟಕಿಯಲ್ಲಿ ನಿಂತವನ ಕಣ್ಣಿಗೆ ಹುಲ್ಲುಗಾವಲು, ಕೆರೆ, ಮರಗಳ ಸಾಲು, ಅದರಾಚೆ ಒಕ್ಕಲುಗಳ ಹೊಲ ಇವೆಲ್ಲ ಒಂದೇ ಚಿತ್ರದಂತೆ ಕಾಣಬೇಕು. ಕಾಣುವುದೆಲ್ಲವೂ ತನ್ನದು ಎಂಬ ಭಾವವೇ ಆ ವಾಸ್ತುವಿನ ಮೂಲ. ಮನೆಯ ಬುಡದಲ್ಲಿರುವುದು ಗುತ್ತಿಗೆಯ ಹಣ. ಅದು ತಂದೆಯಿಂದ ಹಿರಿಯ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದುಬರತಕ್ಕದ್ದು.

ಇಷ್ಟು ಭದ್ರವಾಗಿ ಕಾಣುತ್ತಿದ್ದ ಮನೆಗಳೂ ಅಲುಗಾಡಿದವು. 1894ರಲ್ಲಿ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ಬಂದಿತು. ಧಾನ್ಯದ ಬೆಲೆ ಇಳಿದು ಗುತ್ತಿಗೆಯ ಆದಾಯ ಕುಗ್ಗಿತು. 1914ರ ಮಹಾಯುದ್ಧದಲ್ಲಿ ಎಷ್ಟೋ ಮನೆಗಳ ವಾರಸುದಾರರು ಮಡಿದರು. ಇಪ್ಪತ್ತನೆಯ ಶತಮಾನದಲ್ಲಿ ನೂರಾರು ಸೌಧಗಳನ್ನು ಕೆಡವಿ ಕಲ್ಲು ಮರಗಳನ್ನು ಮಾರಿಬಿಟ್ಟರು. ಆಗ ಆ ದೇಶದವರು ಎಚ್ಚೆತ್ತರು. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು 1937ರ ಶಾಸನದ ಬಲದಿಂದ ಇಂಥ ಮನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಕಾಪಾಡತೊಡಗಿತು. 1940ರಲ್ಲಿ ನಾರ್ಫೋಕಿನ ಬ್ಲಿಕ್ಲಿಂಗ್ ಹಾಲ್ ಆ ಯೋಜನೆಯಲ್ಲಿ ಸೇರಿತು. 1947ರ ಪಟ್ಟಣ ಮತ್ತು ಗ್ರಾಮ ಯೋಜನೆಯ ಶಾಸನದಿಂದ ಚರಿತ್ರಾರ್ಹ ಕಟ್ಟಡಗಳ ಪಟ್ಟಿಯನ್ನು ತಯಾರಿಸುವ ಕ್ರಮವು ನೆಲೆಗೊಂಡಿತು. ಪಟ್ಟಿಯಲ್ಲಿ ಸೇರಿದ ಮನೆಯನ್ನು ಅದರ ಒಡೆಯನೂ ಅಪ್ಪಣೆಯಿಲ್ಲದೆ ಕೆಡವಲಾರನು, ರೂಪಗೆಡಿಸಲಾರನು. ಖಾಸಗಿ ಆಸ್ತಿಯಾಗಿದ್ದುದು ಹೀಗೆ ಜನರ ನೆನಪಿನ ಆಸ್ತಿಯೂ ಆಯಿತು.

ಈ ಮನೆಗಳ ಸಾಲಿನಲ್ಲಿ ನಮ್ಮವರು ಕೇಳಿ ಬೆರಗಾಗಬೇಕಾದ ಮನೆಯೊಂದಿದೆ. ಗ್ಲಾಸ್ಟರ್‌ಷೈರ್ ಪ್ರಾಂತದ ಸೆಜಿನ್‌ಕೋಟ್ ಎಂಬುದು ಅದರ ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಹಣ ಗಳಿಸಿ ಹಿಂದಿರುಗಿದ ಚಾರ್ಲ್ಸ್ ಕಾಕರೆಲ್ ಎಂಬಾತನಿಗಾಗಿ ಆತನ ಸೋದರ, ಶಿಲ್ಪಿ ಸ್ಯಾಮ್ಯುಅಲ್ ಪೆಪಿಸ್ ಕಾಕರೆಲ್, 1805ರ ಸುಮಾರಿಗೆ ಇದನ್ನು ರಚಿಸಿದನು. ಇಂಗ್ಲೆಂಡಿನ ಹಸಿರು ದಿಣ್ಣೆಯ ಮೇಲೆ ಮೊಗಲರ ಮಾದರಿಯ ಗುಮ್ಮಟ, ಛಜ್ಜ, ಕಮಾನುಗಳು! ಒಳಗೆ ಹೋದರೆ ಮಾತ್ರ ಎಲ್ಲವೂ ಯುರೋಪಿನ ಕ್ರಮ. ಹಿಂದೂಸ್ಥಾನದ ಹಣ ಇಂಗ್ಲೆಂಡಿಗೆ ಹೋಗಿ ಹಿಂದೂಸ್ಥಾನದ ವೇಷವನ್ನು ಧರಿಸಿ ನಿಂತಿತು. ಇದಕ್ಕೆ ವಿಪರ್ಯಾಯವಾಗಿ, ಆಂಗ್ಲೇಯನೊಬ್ಬನು ಕನ್ನಡ ನೆಲದಲ್ಲಿ ತನ್ನ ವಾಸಕ್ಕೆ ಮನೆ ಕಟ್ಟಿದಾಗ ಏನಾಯಿತು? ಅದನ್ನು ನೋಡಲು ನಾವು ಕಲಬುರಗಿಯ ಸೀಮೆಗೆ ಬರಬೇಕು.

ಆಳಂದ ತಾಲೂಕಿನಲ್ಲಿ ಹುಟ್ಟುವ ಅಮರ್ಜಾ ಎಂಬ ಚಿಕ್ಕ ನದಿಯು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಲ್ಲಿಂದ ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತದೆ. ಈ ಮೂರು ತಾಲೂಕುಗಳ ನೆಲ ಬಹುಮಟ್ಟಿಗೆ ಎರೆಯ ನೆಲ. ಬೆಳೆ ಜೋಳ, ತೊಗರಿ. ಇಲ್ಲಿಯ ಹಳೆಯ ಮನೆಗಳಿಗೆ ಬಿಸಿಲೇ ಶಿಲ್ಪಿ. ದಪ್ಪನೆಯ ಗೋಡೆ, ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ನೆಲಕ್ಕೆ ಶಹಾಬಾದಿನ ಪರಸಿ. ಗೌಡ, ದೇಸಾಯಿ, ದೇಶಮುಖರ ವಾಡೆಗಳೂ ಇದೇ ಕುಲದವು, ಆಕಾರ ಮಾತ್ರ ದೊಡ್ಡದು. ಹೊರಗೆ ಕಿಟಕಿಯಿಲ್ಲದ ಎತ್ತರವಾದ ಗೋಡೆ, ಒಂದೇ ಮಹಾದ್ವಾರ. ಒಳಗೆ ಅಂಗಳ, ಅಂಗಳದ ಸುತ್ತ ಪಡಸಾಲೆ, ಪಡಸಾಲೆಯ ಹಿಂದೆ ಕೋಣೆಗಳು. ಕಳ್ಳಕಾಕರ ಭಯ, ಬಿಸಿಲಿನ ಭಯ, ಹೆಣ್ಣುಮಕ್ಕಳ ಮರೆ, ಈ ಮೂರೂ ಸೇರಿ ವಾಡೆಯನ್ನು ಒಳಮುಖ ಮಾಡಿದವು. ಇಂಗ್ಲೆಂಡಿನ ಸೌಧವು ಭೂಮಿಯನ್ನು ನೋಡುತ್ತ ನಿಂತರೆ ನಮ್ಮ ವಾಡೆಯು ತನ್ನ ಅಂಗಳವನ್ನು ನೋಡುತ್ತ ಕುಳಿತಿದೆ.

ರಾಜಧಾನಿಯನ್ನು ಬಿಟ್ಟು ದೂರದಲ್ಲಿ ಸುಖವಾಸಕ್ಕೆ ಮನೆಮಾಡುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. 1397ರಿಂದ 1422ರ ವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜಶಹನು ಕಲಬುರಗಿಯ ದಕ್ಷಿಣಕ್ಕೆ, ಜೇವರ್ಗಿಯ ಕಡೆಗೆ ಹೋಗುವಾಗ ಭೀಮೆಯ ದಂಡೆಯಲ್ಲಿ ಸಿಗುವ ಫಿರೋಜಾಬಾದಿನಲ್ಲಿ ಒಂದು ಅರಮನೆಯ ಪಟ್ಟಣವನ್ನೇ ಕಟ್ಟಿಸಿದನು. ಅದರ ಕೋಟೆಗೋಡೆ, ಬಾಗಿಲುಗಳು, ಮಸೀದಿ, ಸ್ನಾನಗೃಹಗಳ ಅವಶೇಷಗಳು ಹೊಲಗಳ ನಡುವೆ ಉಳಿದುಬಂದಿವೆ. ಅದೂ ಒಡೆಯನೊಡನೆ ಬಾಳಿ ಒಡೆಯನೊಡನೆ ಅಳಿದ ವಾಸಸ್ಥಾನ.

ಫಿರೋಜಾಬಾದಿನಿಂದ ಭೀಮೆಯನ್ನು ದಾಟಿದರೆ ಜೇವರ್ಗಿ. ಟೇಲರನ ಹೆಸರು ನಮಗೆ ಮೊದಲು ಎದುರಾಗುವುದು ಇಲ್ಲಿಯೇ. ಜೇವರ್ಗಿಯ ಬಳಿಯ ಬಯಲಿನಲ್ಲಿ ಉರುಟುಗಲ್ಲುಗಳನ್ನು ವೃತ್ತವಾಗಿ ಇಟ್ಟಿದ್ದ ಗುಪ್ಪೆಗಳು ಇದ್ದವು. ಊರವರು ಅವನ್ನು ದಿನವೂ ನೋಡಿ ನೋಡದಂತೆ ಹೋಗುತ್ತಿದ್ದರು. ಟೇಲರನು ಅವುಗಳಲ್ಲಿ ಕೆಲವನ್ನು ಅಗೆಸಿದನು. ಒಳಗೆ ಎಲುಬುಗೂಡುಗಳೂ ಮಣ್ಣಿನ ಪಾತ್ರೆಗಳೂ ಕಬ್ಬಿಣದ ಆಯುಧಗಳೂ ದೊರೆತವು. ಕೆಲವು ಶವಗಳ ತಲೆ ಮುಂಡದಿಂದ ಬೇರ್ಪಟ್ಟಿದ್ದುದನ್ನು ಆತನು ಗುರುತಿಸಿದನು. ಸುರಪುರದ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿಗಲ್ಲುಗಳಿಂದ ಮನೆಯಂತೆ ನಿಲ್ಲಿಸಿದ ಸಮಾಧಿಗಳನ್ನೂ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳನ್ನೂ ಆತನು ವರ್ಣಿಸಿ ಬರೆದನು. ನಮ್ಮ ಜನ ಅಂಥ ಕಲ್ಲುಗೂಡುಗಳನ್ನು ಮೋರ್ಯರ ಮನೆಗಳೆಂದು ಕರೆಯುತ್ತಿದ್ದರು. ಹಿಂದೆ ಇದ್ದ ಗಿಡ್ಡ ಜನರ ವಾಸಸ್ಥಾನವೆಂದು ಅವರ ನಂಬಿಕೆ. ಸತ್ತವರ ಗೂಡುಗಳಿಗೂ ಮನೆಯೆಂಬ ಹೆಸರೇ ಬಂದಿತು.

ಟೇಲರನು ಈ ಸಮಾಧಿಗಳನ್ನು ಕೆಲ್ಟ್ ಅಥವಾ ಸಿಥಿಯನ್ ಜನಾಂಗದವರು ಕಟ್ಟಿರಬೇಕೆಂದು ಊಹಿಸಿದನು. ಆ ಊಹೆ ನಿಲ್ಲಲಿಲ್ಲ. ಅವು ಈ ನೆಲದವರೇ ಆದ, ಕಬ್ಬಿಣವನ್ನು ಬಲ್ಲ ಜನರವು. ಬಹುಮಟ್ಟಿಗೆ ಕ್ರಿಸ್ತಪೂರ್ವದ ಮೊದಲನೆಯ ಸಾವಿರ ವರ್ಷಗಳಿಗೆ ಸೇರಿದವು. ಆದರೆ ಆತನು ಅಗೆದ ರೀತಿ ನಿಂತಿತು. ಗುಪ್ಪೆಯನ್ನು ಪದರಪದರವಾಗಿ ಬಿಡಿಸಿ, ಯಾವ ವಸ್ತು ಯಾವ ಆಳದಲ್ಲಿ ಇದ್ದಿತೆಂಬುದನ್ನು ಅಡ್ಡಸೀಳಿಕೆಯ ಚಿತ್ರದಲ್ಲಿ ತೋರಿಸಿದನು. 1947ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವ್ಹೀಲರ್ ಎಂಬ ಹೆಸರಾಂತ ಪ್ರಾಕ್ತನ ಶಾಸ್ತ್ರಜ್ಞನು ಟೇಲರನ ಈ ಚಿತ್ರಗಳನ್ನು ಮೆಚ್ಚಿಕೊಂಡಿದ್ದಾನೆ. ಯಾರೂ ತಮ್ಮದೆನ್ನದ ಕಲ್ಲಿನಲ್ಲಿಯೂ ಚರಿತ್ರೆಯುಂಟೆಂದು ಈ ಸೀಮೆಗೆ ತೋರಿಸಿದವರಲ್ಲಿ ಆತನು ಮೊದಲಿಗನು.

ಈತನು ಯಾರು? 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ವರ್ಷದ ಹುಡುಗನಾಗಿದ್ದಾಗ 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಕೈಕೆಳಗೆ ಕೆಲಸಕ್ಕೆಂದು ಹಡಗು ಹತ್ತಿ ಬಂದನು. ಆ ಕೆಲಸ ಕೈಗೂಡದೆ ನಿಜಾಮರ ಸೈನ್ಯದಲ್ಲಿ ಸೇರಿಕೊಂಡನು. ಕಂಪನಿಯ ದೊಡ್ಡ ಅಧಿಕಾರಿಗಳ ಪಂಕ್ತಿಗೆ ಆತನು ಹುಟ್ಟಿನಿಂದ ಸೇರಿದವನಲ್ಲ. ಭಾಷೆ, ನ್ಯಾಯ, ಭೂಮಾಪನ, ಚಿತ್ರಕಲೆ ಎಲ್ಲವನ್ನೂ ದುಡಿಯುತ್ತ ಕಲಿತವನು. 1832ರಲ್ಲಿ ಹೈದರಾಬಾದಿನ ಸಾಹುಕಾರ ವಿಲಿಯಮ್ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ವಿಲಿಯಮ್ ಪಾಮರನ ತಾಯಿ ಹಿಂದೂಸ್ಥಾನದ ಮುಸಲ್ಮಾನ ಕುಲದವಳು. 1839ರಲ್ಲಿ ಪ್ರಕಟವಾದ, ಠಕ್ಕರ ಬಾಳನ್ನು ಕುರಿತ ಕಾದಂಬರಿಯಿಂದ ಆತನ ಹೆಸರು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಯಿತು. ಅದಾದ ಎರಡು ವರ್ಷಕ್ಕೆ ಆತನನ್ನು ಸುರಪುರಕ್ಕೆ ಕಳುಹಿಸಿದರು.

ಸುರಪುರವು ಬೇಡ ನಾಯಕರ ಸಂಸ್ಥಾನ. ಈ ನಾಯಕರ ಹಿಂದಿನ ನೆಲೆಯಾದ ವಾಗಿನಗೇರಿಯನ್ನು ಗೆಲ್ಲಲು ಔರಂಗಜೇಬನು ತಾನೇ ಮುಂದೆ ನಿಂತು 1705ರಲ್ಲಿ ಮುತ್ತಿಗೆ ಹಾಕಬೇಕಾಯಿತು. ಆ ಮುದುಕ ಚಕ್ರವರ್ತಿಯ ಕೊನೆಯ ದೊಡ್ಡ ಮುತ್ತಿಗೆ ಅದೇ. ಅಂಥ ಶೌರ್ಯದ ಮನೆತನವು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲದಿಂದಲೂ ಒಳಜಗಳದಿಂದಲೂ ಕುಗ್ಗಿದ್ದಿತು. 1841ರಲ್ಲಿ ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನಾಯಕನು ಇನ್ನೂ ಬಾಲಕ. ಆಡಳಿತ ಯಾರದೆಂಬ ವಿಷಯದಲ್ಲಿ ರಾಣಿ ಈಶ್ವರಮ್ಮನಿಗೂ ಇತರರಿಗೂ ವಿವಾದ. ಹೈದರಾಬಾದಿನ ರೆಸಿಡೆಂಟನು ಟೇಲರನನ್ನು ಕಳುಹಿಸಿದ್ದು ಈ ಗೊಂದಲದ ನಡುವೆ. ಕ್ರಮೇಣ ಆತನು ಸಂಸ್ಥಾನದ ಆಡಳಿತಗಾರನೂ ಬಾಲರಾಜನ ಪೋಷಕನೂ ಆದನು. ಹುಡುಗನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

ಗುಡ್ಡದ ಮೇಲಿನ ಮನೆ ಈ ಕಾಲದ್ದು. ಅದು ಕಟ್ಟಿದುದು 1844ರಲ್ಲಿ ಎಂದು ಹೇಳುತ್ತಾರೆ. ಸುರಪುರವು ಬಂಡೆಗುಡ್ಡಗಳ ನಡುವೆ ಇರುವ ಊರು. ಅರಮನೆಯೂ ವೇಣುಗೋಪಾಲಸ್ವಾಮಿಯ ಗುಡಿಯೂ ಪೇಟೆಯೂ ಆ ಬಂಡೆಗಳ ಮರೆಯಲ್ಲಿ ಒತ್ತಾಗಿ ಬೆಳೆದವು. ಟೇಲರನು ಊರೊಳಗೆ ವಾಡೆಯನ್ನು ಹಿಡಿಯಲಿಲ್ಲ. ಊರನ್ನು ಬಿಟ್ಟು, ಊರು ಕಾಣುವಂಥ ಎತ್ತರವನ್ನು ಆರಿಸಿಕೊಂಡನು. ಮನೆಯ ಕುಲ ಬಂಗಲೆಯದು. ಬಂಗಲೆಯೆಂಬ ಶಬ್ದವೇ ಬಂಗಾಳದ ಗುಡಿಸಿಲಿನಿಂದ ಬಂದದ್ದು. ಬಂಗಾಳದ ರೈತನ ಇಳಿಜಾರು ಮಾಡಿನ ಮನೆಯನ್ನು ಕಂಪನಿಯ ಅಧಿಕಾರಿಗಳು ತಮ್ಮದಾಗಿ ಮಾಡಿಕೊಂಡು, ಎತ್ತರವಾದ ಜಗಲಿ, ಬಿಸಿಲನ್ನು ತಡೆಯುವ ವರಾಂಡ, ನಡುವೆ ದೊಡ್ಡ ಕೋಣೆ, ಅದರ ಸುತ್ತ ಮಲಗುವ ಕೋಣೆಗಳು, ಗಾಳಿಯಾಡಲು ಎದುರುಬದುರಾದ ಬಾಗಿಲುಗಳು, ಬೇರೆಯಾಗಿ ಅಡಿಗೆಯ ಮನೆ ಎಂಬ ಕ್ರಮವನ್ನು ಹಿಂದೂಸ್ಥಾನದ ಉದ್ದಗಲಕ್ಕೂ ಹರಡಿದರು. ದಪ್ಪ ಗೋಡೆ ನಮ್ಮ ವಾಡೆಯಿಂದ ಬಂದಿತು. ಹೊರನೋಟ ಇಂಗ್ಲೆಂಡಿನ ಸೌಧದಿಂದ ಬಂದಿತು. ವರಾಂಡ ಬಿಸಿಲಿನಿಂದ ಬಂದಿತು. ಸೆಜಿನ್‌ಕೋಟಿನಂತೆ ಇದು ವೇಷ ಹಾಕಿದ ಮನೆಯಲ್ಲ, ಅಗತ್ಯದಿಂದ ಹುಟ್ಟಿದ ಮನೆ.

ಇಂಗ್ಲೆಂಡಿನ ಸೌಧಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಅಲ್ಲಿ ಕಿಟಕಿಯಿಂದ ಕಾಣುವ ಭೂಮಿ ಒಡೆಯನದು. ಇಲ್ಲಿ ಕಾಣುವುದೊಂದೂ ಟೇಲರನದಲ್ಲ. ಊರು ನಾಯಕರದು, ಹೊಲ ರೈತರದು, ಅಧಿಕಾರ ಬಾಲರಾಜನ ಹೆಸರಿನಲ್ಲಿ ಬಂದದ್ದು. ಅಲ್ಲಿಯ ಮನೆ ಮಗನಿಗೆ ಇಳಿಯತಕ್ಕದ್ದು. ಇಲ್ಲಿಯ ಮನೆ ಆಜ್ಞೆ ಬಂದೊಡನೆ ಬಿಟ್ಟುಹೋಗತಕ್ಕದ್ದು. ಸ್ವಾಮ್ಯವಿಲ್ಲದೆ ನೋಟ ಮಾತ್ರವಿದ್ದ ಮನೆ ಇದು; ಪಾಲನೆಯೆಂಬ ಹೆಸರಿನಲ್ಲಿ ಆಳುವವನು ಎಲ್ಲಿ ನಿಲ್ಲುತ್ತಾನೆಂಬುದನ್ನು ಕಲ್ಲಿನಲ್ಲಿಯೇ ತೋರಿಸುವಂಥದು.

ಟೇಲರನು ಸುರಪುರದಲ್ಲಿ ಸುಮಾರು ಹನ್ನೆರಡು ವರ್ಷಗಳನ್ನು ಕಳೆದನು. ಕಂದಾಯದ ಲೆಕ್ಕವನ್ನು ಸರಿಪಡಿಸಿದನು, ಸಾಲವನ್ನು ಇಳಿಸಿದನು, ದಾರಿಗಳನ್ನು ಮಾಡಿಸಿದನು. ಬೋನಾಳದ ಕೆರೆಯ ಕೆಲಸದಲ್ಲಿಯೂ ಆತನ ಕೈ ಇದ್ದಿತು. ಆ ಕಾಲದಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರದಿಗಳನ್ನೂ ಬರೆಯುತ್ತಿದ್ದನು. ಆತನ ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆದರು. ಸ್ವದೇಶದವರ ಸಹವಾಸವಿಲ್ಲದ ಆ ಏಕಾಂತದಲ್ಲಿ ಓದು, ಬರಹ, ಚಿತ್ರ, ಕಲ್ಲುಗುಪ್ಪೆಗಳ ಶೋಧನೆ ಇವೇ ಆತನ ಸಂಗಾತಿಗಳು. ಮುಂದೆ 1866ರಲ್ಲಿ ಜೇಮ್ಸ್ ಫರ್ಗುಸನ್ ಎಂಬ ಶಿಲ್ಪಚರಿತ್ರಕಾರನೊಡನೆ ಸೇರಿ ವಿಜಾಪುರದ ಕಟ್ಟಡಗಳನ್ನೂ ಧಾರವಾಡ ಮೈಸೂರು ಸೀಮೆಗಳ ಕಟ್ಟಡಗಳನ್ನೂ ಛಾಯಾಚಿತ್ರಗಳ ಮೂಲಕ ಲೋಕಕ್ಕೆ ಪರಿಚಯಿಸಿದನು. ಚಾಂದಬೀಬಿಯ ಮೇಲೆ ಕಾದಂಬರಿಯನ್ನು ಬರೆದನು. ಜನರ ನಾಲಗೆಯಲ್ಲಿ ‘ಮೆಡೋಸ್’ ಎಂಬ ಹೆಸರು ‘ಮಹಾದೇವ’ ಎಂದು ತಿರುಗಿ, ಆತನು ಮಹಾದೇವ ಬಾಬಾ ಆದನು.

1853ರಲ್ಲಿ ವೆಂಕಟಪ್ಪನಾಯಕನು ಪ್ರಾಯಕ್ಕೆ ಬಂದು ರಾಜ್ಯವನ್ನು ವಹಿಸಿಕೊಂಡನು. ಟೇಲರನು ಮನೆಯನ್ನು ಬಿಟ್ಟು ನಳದುರ್ಗದ ಸೀಮೆಗೆ ಹೋದನು. ಅನಂತರದ ಕಥೆ ಚಿಕ್ಕದು, ಕಠಿಣವಾದದ್ದು. ರಾಜ್ಯವು ತಿರುಗಿ ಸಾಲದಲ್ಲಿ ಮುಳುಗಿತು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದ ಸುದ್ದಿ ಬಂದಿತು. ನಿಶ್ಶಸ್ತ್ರೀಕರಣದ ವಿರುದ್ಧ ಹಲಗಲಿಯ ಬೇಡರು ಆ ವರ್ಷದ ನವಂಬರದಲ್ಲಿ ಕಾದಿದರು. 1858ರ ಫೆಬ್ರುವರಿಯಲ್ಲಿ ಸುರಪುರದ ಬೇಡರೂ ಬ್ರಿಟಿಷರ ಸೈನ್ಯದ ಮೇಲೆ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಮಡಿದನು. ಇನ್ನೂ ಸೈನ್ಯ ಬರುತ್ತಿರುವುದನ್ನು ತಿಳಿದು ರಾಜನು ಹೈದರಾಬಾದಿಗೆ ಹೋದನು. ಅಲ್ಲಿ ಸಾಲಾರಜಂಗನು ಆತನನ್ನು ಹಿಡಿಸಿ ಬ್ರಿಟಿಷರಿಗೆ ಒಪ್ಪಿಸಿದನು.

ಸೆರೆಮನೆಯಲ್ಲಿದ್ದ ಹುಡುಗನನ್ನು ಟೇಲರನು ಹೋಗಿ ಕಂಡನು. ಆ ಭೇಟಿಯನ್ನು ತನ್ನ ಆತ್ಮಚರಿತ್ರೆಯಲ್ಲಿ ವರ್ಣಿಸಿದ್ದಾನೆ. ರಾಜನು ಹಿಂದಿನಂತೆಯೇ ‘ಅಪ್ಪಾ’ ಎಂದು ಕರೆದು ಬಿಗಿದಪ್ಪಿಕೊಂಡನಂತೆ. ಕ್ಷಮೆಯನ್ನು ಬೇಡಲು ಮಾತ್ರ ಒಪ್ಪಲಿಲ್ಲವಂತೆ. ಸಾಯಬೇಕಾದರೆ ಕಳ್ಳನಂತೆ ನೇಣಿನಲ್ಲಿ ಸಾಯದೆ ಫಿರಂಗಿಯ ಬಾಯಿಯಲ್ಲಿ ಸಾಯುವೆನೆಂದನಂತೆ. ಮರಣದಂಡನೆಯ ತೀರ್ಪನ್ನು ಮೊದಲು ಗಡಿಪಾರಿಗೂ ಅನಂತರ ಚೆಂಗಲ್ಪೇಟೆಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸಕ್ಕೂ ಇಳಿಸಿದರು. ಆದರೆ ಅಲ್ಲಿಗೆ ಕರೆದೊಯ್ಯುತ್ತಿದ್ದಾಗ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿಯೇ, 1858ರ ಮೇ ತಿಂಗಳಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ತೀರಿಕೊಂಡನೆಂದು ಸರಕಾರದ ವರದಿ ಹೇಳುತ್ತದೆ. ಆಗ ಆತನ ವಯಸ್ಸು ಇಪ್ಪತ್ತೈದನ್ನು ಮುಟ್ಟಿರಲಿಲ್ಲ.

ಆ ವರ್ಷವೇ ಟೇಲರನನ್ನು ತಿರುಗಿ ಸುರಪುರಕ್ಕೆ ಕಮಿಷನರನನ್ನಾಗಿ ಕಳುಹಿಸಿದರು. ಹುಡುಗನಿಗಾಗಿ ಕಾಪಾಡಿದ ರಾಜ್ಯದಲ್ಲಿ ಈಗ ಹುಡುಗನೂ ಇಲ್ಲ, ರಾಜ್ಯವೂ ಇಲ್ಲ. 1860ರ ಒಪ್ಪಂದದಂತೆ ಸುರಪುರವು ನಿಜಾಮರ ಪಾಲಿಗೆ ಹೋಯಿತು. ಟೇಲರನು ಆ ವರ್ಷ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೊರಟನು. 1875ರಲ್ಲಿ ಸಾಲಾರಜಂಗನ ಆಹ್ವಾನದ ಮೇಲೆ ಹೈದರಾಬಾದಿಗೊಮ್ಮೆ ಬಂದು, ಜ್ವರದಲ್ಲಿ ಬಿದ್ದು, ಹಿಂದಿರುಗುವ ದಾರಿಯಲ್ಲಿ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡನು. ಆತನ ಆತ್ಮಚರಿತ್ರೆಯನ್ನು ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದಳು.

ಮಹಾಶಯರೆ, ಇಲ್ಲಿ ಒಂದು ಮಾತನ್ನು ನಾವು ಬಿಚ್ಚಿ ಹೇಳಬೇಕು. ಸುರಪುರದ ಈ ಕಥೆಯನ್ನು ನಾವು ಬಹುಮಟ್ಟಿಗೆ ತಿಳಿದಿರುವುದು ಟೇಲರನ ಲೇಖನಿಯಿಂದ. ರಾಣಿ ಈಶ್ವರಮ್ಮನ ವಿಷಯದಲ್ಲಿ ಆ ಲೇಖನಿ ಬಹಳ ನಿಷ್ಠುರವಾಗಿದೆ. ರಾಣಿಯು ಆತನನ್ನು ಏನೆಂದು ತಿಳಿದಿದ್ದಳು? ಹಿರಿಯರ ಆಸ್ಥಾನದಲ್ಲಿ ಆಳ್ವಿಕೆ ನಡೆಸಬೇಕಾಗಿದ್ದ ಹುಡುಗನು ಗುಡ್ಡದ ಮೇಲಿನ ಮನೆಯ ಅಪ್ಪಣೆಗೆ ಕಾಯಬೇಕಾದಾಗ ಆತನ ಮನಸ್ಸಿನಲ್ಲಿ ಏನಿದ್ದಿತು? ಹತ್ತು ಹನ್ನೆರಡು ವರ್ಷ ಮಗನಂತೆ ನೋಡಿಕೊಂಡೆನೆಂದು ನಂಬಿದವನಿಗೂ ಆ ಮಗನು ಒಂದು ದಿನ ಕತ್ತಿ ಹಿಡಿದದ್ದು ಅರ್ಥವಾಗದೆ ಹೋಯಿತು. ಟೇಲರನು ದುಷ್ಟನಾಗಿರಲಿಲ್ಲ, ಆತನ ಪ್ರೀತಿ ಕಪಟವಾಗಿರಲಿಲ್ಲ. ಆದರೆ ಎತ್ತರದಿಂದ ನೋಡುವವನಿಗೆ ಊರೆಲ್ಲ ಕಾಣುತ್ತದೆ, ಊರಿನವರ ಮುಖ ಕಾಣುವುದಿಲ್ಲ. ಪರರ ಆಳ್ವಿಕೆ ದಯೆಯಿಂದ ನಡೆದರೂ ಅದು ಪರರ ಆಳ್ವಿಕೆಯೇ. ಈ ಪಾಠವನ್ನು ಗ್ರಂಥದಿಂದ ಕಲಿಯುವುದಕ್ಕಿಂತ ಆ ಗುಡ್ಡವನ್ನು ಹತ್ತಿ ಇಳಿದರೆ ಚೆನ್ನಾಗಿ ತಿಳಿಯುತ್ತದೆ.

ಆದುದರಿಂದಲೇ ಆ ಮನೆ ಉಳಿಯಬೇಕೆಂದು ನಾವು ಹೇಳುತ್ತೇವೆ. ಪರಕೀಯನ ಬಂಗಲೆಯನ್ನು ಕಾಪಾಡುವುದು ನಮಗೇಕೆ ಎಂದು ಕೇಳುವವರು ಉಂಟು. ಆ ಪ್ರಶ್ನೆ ತಪ್ಪಲ್ಲ. ಅರಮನೆಯನ್ನು ಮರೆತು ಬಂಗಲೆಯನ್ನು ಮಾತ್ರ ಕಾಪಾಡಿದರೆ ಅರ್ಧ ಚರಿತ್ರೆಯನ್ನು ಕಾಪಾಡಿದಂತಾಗುತ್ತದೆ. ಬಂಗಲೆಯನ್ನು ಕೆಡವಿ ಅರಮನೆಯನ್ನು ಮಾತ್ರ ತೋರಿಸಿದರೂ ಅಷ್ಟೆ. ವೆಂಕಟಪ್ಪನಾಯಕನ ಅರಮನೆಯಿಂದ ಗುಡ್ಡವನ್ನೂ ಗುಡ್ಡದಿಂದ ಅರಮನೆಯನ್ನೂ ನೋಡಿದವನಿಗೇ 1858ರ ಅರ್ಥ ಹೊಳೆಯುತ್ತದೆ. ಇವೆರಡೂ ಒಂದೇ ದಾಖಲೆಯ ಎರಡು ಪುಟಗಳು.

ಇದಕ್ಕೆ ಬೇಕಾದ ಶಾಸನಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1904ರಲ್ಲಿಯೇ ಕಾಯಿದೆಯಾಯಿತು. ಹೈದರಾಬಾದು ಸಂಸ್ಥಾನದಲ್ಲಿ 1914ರಲ್ಲಿ ಪ್ರಾಕ್ತನ ಇಲಾಖೆಯು ಸ್ಥಾಪಿತವಾಗಿ, ಗುಲಾಮ್ ಯಜ್ದಾನಿ ಎಂಬ ವ್ಯುತ್ಪನ್ನರ ಕೈಯಲ್ಲಿ ಬಹಳ ಕೆಲಸ ಮಾಡಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯಿದೆ, 1961ರಲ್ಲಿ ನಮ್ಮ ರಾಜ್ಯದ ಕಾಯಿದೆ ಬಂದವು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡವು ಕೇಂದ್ರದ ಕಾಯಿದೆಯ ದೃಷ್ಟಿಯಲ್ಲಿ ಪ್ರಾಚೀನವೆನ್ನಿಸಿಕೊಳ್ಳಬಲ್ಲದು. ಟೇಲರನ ಮನೆಗೆ ಆ ವಯಸ್ಸು ಯಾವಾಗಲೋ ತುಂಬಿತು. ಆದರೆ ಕಾಯಿದೆಯ ಪಟ್ಟಿಗಳಲ್ಲಿ ಗುಡಿ, ಕೋಟೆ, ಗೋರಿಗಳಿಗೆ ದೊರೆತ ಸ್ಥಳವು ವಾಸದ ಮನೆಗಳಿಗೆ ದೊರೆತುದು ಕಡಿಮೆ. ಆಳಂದ, ಅಫಜಲಪುರ, ಜೇವರ್ಗಿಗಳ ಎಷ್ಟೋ ವಾಡೆಗಳ ಮಾಳಿಗೆಗಳು ಮಳೆಗೆ ಕುಸಿದುಬಿದ್ದಿವೆ; ಕೆತ್ತನೆಯ ಬಾಗಿಲುಗಳೂ ಕಂಬಗಳೂ ಬಿಡಿಬಿಡಿಯಾಗಿ ಮಾರಾಟವಾಗಿವೆ. ಪಾಲು ಪಾರಿಕತ್ತಿನಲ್ಲಿ ಹರಿದುಹೋದ ಮನೆಯನ್ನು ಒಬ್ಬನೇ ಕಾಪಾಡಲಾರನೆಂಬುದೂ ನಿಜ. ಇಂಗ್ಲೆಂಡಿನವರು ಮನೆಯನ್ನು ಕಳೆದುಕೊಂಡ ಮೇಲೆ ಕಲಿತ ಬುದ್ಧಿಯನ್ನು ನಾವು ಕಳೆದುಕೊಳ್ಳುವ ಮೊದಲೇ ಕಲಿಯಬಹುದಲ್ಲವೆ?

ಮೊದಲು ಆಗಬೇಕಾದುದು ದೊಡ್ಡ ವೆಚ್ಚದ ಕೆಲಸವಲ್ಲ. ಊರೂರಿನ ಹಳೆಯ ಮನೆಗಳ ಅಳತೆಯನ್ನು ತೆಗೆದು, ನಕ್ಷೆ ಬರೆದು, ಕಟ್ಟಿಸಿದವರು ಯಾರು, ಬಾಳಿದವರು ಯಾರು, ಕಲ್ಲು ಎಲ್ಲಿಯದು, ಮರ ಎಲ್ಲಿಯದು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಟೇಲರನು ಜೇವರ್ಗಿಯ ಕಲ್ಲುಗುಪ್ಪೆಗಳಿಗೆ ಮಾಡಿದುದು ಇದನ್ನೇ. ಆತನ ಊಹೆ ಸುಳ್ಳಾಯಿತು, ಆತನ ಅಳತೆ ಉಳಿಯಿತು. ನಮ್ಮ ಊಹೆಗಳೂ ನಾಳೆ ಸುಳ್ಳಾಗಬಹುದು. ನಾವು ಬರೆದಿಟ್ಟ ಅಳತೆಯಾದರೂ ಉಳಿಯಲಿ.

ಕೊನೆಗೆ ಹೆಸರಿನ ವಿಷಯ. ಮಂಜಿಲ್ ಎಂಬ ಶಬ್ದವನ್ನು ನಾವು ಮನೆಯೆಂದು ಬಳಸುತ್ತೇವೆ. ಅದರ ಮೂಲದ ಅರ್ಥವು ದಾರಿಹೋಕನು ಇಳಿದುಕೊಳ್ಳುವ ತಾಣ, ಪ್ರಯಾಣದ ಒಂದು ಬಿಡಾರ. ಸುರಪುರದ ಜನ ಆ ಬಂಗಲೆಗೆ ಈ ಹೆಸರನ್ನು ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ, ಅದು ಒಪ್ಪಿತು. ಟೇಲರನು ಅಲ್ಲಿ ಇಳಿದನು, ಎದ್ದು ಹೋದನು. ಆತನ ಅನಂತರ ಬಹುಕಾಲ ಆ ಮನೆಯು ಪ್ರವಾಸದಲ್ಲಿ ಬಂದ ಅಧಿಕಾರಿಗಳು ತಂಗುವ ಬಂಗಲೆಯಾಗಿಯೇ ಬಳಕೆಯಾಯಿತು. ಜೇವರ್ಗಿಯ ದಾರಿಯಾಗಿ ಶಹಾಪುರವನ್ನು ದಾಟಿ ಸುರಪುರಕ್ಕೆ ಹೋಗುವವರು ಒಂದು ಗಳಿಗೆ ಆ ಗುಡ್ಡವನ್ನು ಹತ್ತಲಿ. ಮೇಲೆ ನಿಂತು ಊರನ್ನು ನೋಡಲಿ. ಆಮೇಲೆ ಇಳಿದುಬಂದು, ಅರಮನೆಯ ಬಾಗಿಲಿನಲ್ಲಿ ನಿಂತು, ತಲೆಯೆತ್ತಿ ಗುಡ್ಡವನ್ನೂ ನೋಡಲಿ.